ಬೋರ್ಡ್ ಒರೆಸಿ, ಆಮೇಲೆ ಮಾತಾಡೋಣ

ಕಾರವಾರದ ಕೋಡಿಬಾಗದಿಂದ ಒಬ್ಬ ಸೋದರಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ತವರು ಶಿರಸಿ ಕಡೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಎರಡನೇ ಕ್ಲಾಸಿನ ಮಗಳು. ಸಾಲ ಮಾಡಿ ಕೊಂಡ ಚಿಕ್ಕ ಫ್ಲಾಟು. ಒಟ್ಟು 12 ಮನೆಗಳ, ಲಿಫ್ಟ್ ಇಲ್ಲದ ಹಳೇ ಕಟ್ಟಡ. ಇವರದು ಮೊದಲ ಮಹಡಿ. ಅದರ ಮೇಲೆ, ಟೆರೇಸಿನ ಕೆಳಗೆ, ಒಬ್ಬರೇ ಇರುವ ನಿವೃತ್ತ ಅಕ್ಕೋರು, ಅಂದರೆ ಶಾಲೆ ಟೀಚರು.

ಹೋದ ಮಳೆಗಾಲದಲ್ಲಿ ಅಕ್ಕೋರ ಮನೆ ಸೋರಿತು. ಬೇಸಿಗೆಯಲ್ಲಿ ರಿಪೇರಿ ಮಾಡಿಸೋಣ ಅಂದರು. ಬೇಸಿಗೆ ಬಂತು, ಹೋಯಿತು, ಯಾರೂ ಮಾಡಿಸಲಿಲ್ಲ. ಟೆರೇಸಿಗೆ ಶೀಟ್ ಹಾಕಿಸಿದರೆ ಒಂದೊಂದು ಮನೆಗೆ 25 ಸಾವಿರ ಬೀಳುತ್ತದಂತೆ. ಕೆಳಗಿನ ಮನೆಯವರು 'ಸೋರುವುದು ನಮ್ಮಲ್ಲಲ್ಲ' ಅಂದುಬಿಟ್ಟರು. ಅಕ್ಕೋರು ತಿಂಗಳ 600 ರೂಪಾಯಿ ಮೇಂಟೆನೆನ್ಸ್ ಕೊಡುವುದನ್ನು ನಿಲ್ಲಿಸಿದರು. ಐದು ತಿಂಗಳ ಬಾಕಿ 3,000. ಈ ವರ್ಷ ಸೆಕ್ರೆಟರಿ ಆಗಿರುವ ಇವರ ಯಜಮಾನರು ಮೆಟ್ಟಿಲ ಬುಡದ ಬೋರ್ಡಿನಲ್ಲಿ ಅಕ್ಕೋರ ಹೆಸರು ಹಾಕಿಸಿದರು. ಈಗ ಮಾತಿಲ್ಲ, ಕತೆಯಿಲ್ಲ. 'ನಾನು ಯಾರ ಪರ ನಿಲ್ಲಲಿ? ಫ್ಲಾಟ್ ಮಾರಿ ಶಿರವಾಡದ ಕಡೆ ಬಿಡಿ ಮನೆ ನೋಡಲೇ?' ಇದು ಪ್ರಶ್ನೆ.

ನಾಲ್ಕು ಪುಟದ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 'ಯಜಮಾನರ ಅಕ್ಷರ ಚೆನ್ನಾಗಿಲ್ಲ, ಹಾಗಾಗಿ ಬೋರ್ಡಿನಲ್ಲಿ ನಾನೇ ಬರೆದುಕೊಟ್ಟೆ.' ಬರೆದು, ಮುಂದಿನ ಸಾಲಿನಲ್ಲಿ ನೀರಿನ ಪಂಪಿನ ವಿಷಯಕ್ಕೆ ಹೋಗಿದ್ದೀರಿ.

ಅಲ್ಲಮ್ಮಾ, ನೀವೇ ಹೇಳಿದ್ದೀರಿ, ಎರಡು ವರ್ಷ ನಿಮ್ಮ ಮಗಳು ಶಾಲೆ ಬಿಟ್ಟ ಮೇಲೆ ಅಕ್ಕೋರ ಮನೆಯಲ್ಲೇ ಇರುತ್ತಿದ್ದಳು. ಅವಳ ಅಕ್ಷರ ತಿದ್ದಿದವರು ಅವರು. ಅವಳ ಡೈರಿಯಲ್ಲಿ ನಿಮ್ಮ ಬರಹವನ್ನು ಎಷ್ಟು ಸಲ ನೋಡಿಲ್ಲ? ಜೀವಮಾನವೆಲ್ಲ ಮಕ್ಕಳ ನೋಟ್‌ಬುಕ್ ತಿದ್ದಿದವರಿಗೆ ಒಂದು ಕೈಬರಹ ಯಾರದೆಂದು ಗೊತ್ತಾಗಲು ಎಷ್ಟು ಹೊತ್ತು ಬೇಕು? ಹಾಲು ತರಲು ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ, ತಮ್ಮ ಹೆಸರನ್ನು ನಿಮ್ಮ ಅಕ್ಷರದಲ್ಲಿ ಓದುತ್ತಿದ್ದಾರೆ. ಮಾತು ನಿಂತದ್ದು 3,000 ರೂಪಾಯಿಗೆ ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗನ್ನಿಸುವುದಿಲ್ಲ. ಆ ಎರಡು ವರ್ಷಕ್ಕೆ ಅವರು ನಿಮ್ಮಿಂದ ಒಂದು ರೂಪಾಯಿ ತೆಗೆದುಕೊಂಡಿಲ್ಲ ಅನ್ನುವುದನ್ನೂ ನೀವೇ ಬರೆದಿದ್ದೀರಿ, ಅದೂ ಕಂಸದೊಳಗೆ.

ಅಕ್ಕೋರದ್ದು ತಪ್ಪಿಲ್ಲ ಅನ್ನುತ್ತಿಲ್ಲ. ಮೇಂಟೆನೆನ್ಸ್ ನಿಲ್ಲಿಸಿದರೆ ಪಂಪಿನ ಕರೆಂಟ್ ಬಿಲ್ ಯಾರು ಕಟ್ಟಬೇಕು? ಅದು ತಪ್ಪೇ. ಆದರೆ ಅರ್ಥವಾಗುವ ತಪ್ಪು.

ಅರ್ಥವಾಗದ್ದು ಕೆಳಗಿನವರ ವಾದ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಡಿಪಾಯ, ಕಂಬ, ಮೆಟ್ಟಿಲುಗಳ ಸಾಲಿನಲ್ಲೇ ಮಾಡನ್ನೂ, ಅಂದರೆ ಚಾವಣಿಯನ್ನೂ, ಎಲ್ಲರದೆಂದು ಹೇಳುತ್ತದೆ. ಮಾಡು ಅಕ್ಕೋರದಾದರೆ ಅಡಿಪಾಯ ನೆಲಮಹಡಿಯವರದೇ? ಅದು ಕುಸಿದರೆ ಅವರೇ ಕಟ್ಟಿಸುತ್ತಾರೋ? ಕಾನೂನು ಹಾಗಿರಲಿ, ಕಾರವಾರದ ಮಳೆ ಕೇಳಬೇಕಲ್ಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ಸಮುದ್ರದ ಉಪ್ಪುಗಾಳಿ. ನೀರು ಸ್ಲ್ಯಾಬಿನೊಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಸಿಡಿದು ಉದುರುತ್ತದೆ. ಇವತ್ತು ಅಕ್ಕೋರ ಮಂಚದ ಪಕ್ಕ ಬಕೆಟ್ ಇದೆ. ತುಕ್ಕು ಕಂಬಕ್ಕೆ ಇಳಿಯುವಾಗ ಯಾವ ಮಹಡಿ ಅಂತ ಕೇಳಿಕೊಂಡು ಇಳಿಯುವುದಿಲ್ಲ.

ಶಿರಸಿಯವರಿಗೆ ಇದನ್ನು ಹೇಳಿಕೊಡಬೇಕೇ? ಮಳೆಗಾಲ ಹಿಡಿಯುವ ಮೊದಲು ಹೆಂಚು ನೋಡಿಸಿ, ತಟ್ಟಿ ಕಟ್ಟಿಸಿ, ಕಟ್ಟಿಗೆ ಒಳಗೆ ಹಾಕಿಸಿಯೇ ಅಲ್ವಾ ನಿಮ್ಮ ತವರಿನಲ್ಲಿ ಉಸಿರು ಬಿಡುತ್ತಿದ್ದದ್ದು?

ಇನ್ನು ಮೂರು ಫ್ಲಾಟಿನ ಮಾಲೀಕರು ಮುಂಬೈಯಲ್ಲಿದ್ದಾರೆ, ಬಾಡಿಗೆ ಮಾತ್ರ ತಪ್ಪದೆ ತೆಗೆದುಕೊಳ್ಳುತ್ತಾರೆ, ಶೀಟಿನ ಮಾತೆತ್ತಿದರೆ ಫೋನ್ ಎತ್ತುವುದಿಲ್ಲ ಅಂದಿದ್ದೀರಿ. ಅವರ ಹೆಸರು ಬೋರ್ಡಿನಲ್ಲಿ ಯಾಕಿಲ್ಲ? ಯಜಮಾನರನ್ನು ಕೇಳಿ ನೋಡಿ. ಎದುರಿಗೆ ಸಿಗುವ ಒಂಟಿ ಹೆಂಗಸಿನ ಹತ್ತಿರ ನಡೆಯುವ ಜೋರು ಮುಂಬೈಯವರ ಹತ್ತಿರ ಯಾಕೆ ನಡೆಯುವುದಿಲ್ಲ? ಯಜಮಾನರು ಈ ಜಗಳವನ್ನು ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದ್ದಾರಂತೆ. ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಸಾಕಾಗಿದೆ. ಹದಿನೆಂಟು ಮೆಟ್ಟಿಲು ಹತ್ತಿದರೆ ಸಿಗುವ ಮನುಷ್ಯರಿಗೆ ಮೆಸೇಜ್ ಹಾಕಬೇಡಿ. ಹತ್ತಿ ಹೋಗಿ.

ನೀವು ಮಾಡಬೇಕಾದ್ದು ಒಂದೇ ಕೆಲಸ. ಇದನ್ನು ಓದಿದ ದಿನವೇ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಆ ಹೆಸರು ಒರೆಸಿ. ರಾತ್ರಿ ಕದ್ದು ಬೇಡ, ಜನ ಓಡಾಡುವ ಹೊತ್ತಿನಲ್ಲಿ. ಯಜಮಾನರು 'ಯಾರನ್ನು ಕೇಳಿ ಒರೆಸಿದೆ' ಅಂದರೆ, ಬರೆದದ್ದು ನಾನು, ಒರೆಸಿದ್ದೂ ನಾನು ಅನ್ನಿ. ಆಮೇಲೆ ಮೇಲೆ ಹೋಗಿ. ಹಣದ ಮಾತು ಎತ್ತಬೇಡಿ, ಎಲ್ಲಿ ಸೋರುತ್ತದೆ ತೋರಿಸಿ ಅನ್ನಿ. ಬೈದರೆ ಬೈಸಿಕೊಳ್ಳಿ. ಮಗಳನ್ನು ಮುಂದೆ ಮಾಡಿಕೊಂಡು ಹೋಗಬೇಡಿ, ದಯವಿಟ್ಟು.

ಈಗ ಸುರಿಯುವ ಮಳೆಯಲ್ಲಿ ಶೀಟಿನ ಕೆಲಸ ಆಗುವುದಿಲ್ಲ. ತಾಡಪತ್ರಿ ಹೊದಿಸಿ ಸದ್ಯಕ್ಕೆ ಸುಧಾರಿಸಿ, ದಸರಾ ಹೊತ್ತಿಗೆ ಮೀಟಿಂಗ್ ಕರೆದು ದುಡ್ಡು ಕೂಡಿಸಲು ಶುರು ಮಾಡಿ. ಆ ಮೀಟಿಂಗನ್ನು ಅಕ್ಕೋರ ಮನೆಯಲ್ಲೇ ಇಡಿ, ಎಲ್ಲರೂ ಒಮ್ಮೆ ಆ ಚಾವಣಿ ನೋಡಲಿ.

ಫ್ಲಾಟ್ ಮಾರುವ ಮಾತು ಬಿಡಿ. ಸೋರುವ ಕಟ್ಟಡಕ್ಕೆ ಆಷಾಢದಲ್ಲಿ ಗಿರಾಕಿ ಯಾರು ಬರುತ್ತಾರೆ?