ಇಂಗ್ಲೆಂಡ್‌ನಲ್ಲಿದ್ದ ಪೂರ್ವಜರು ಯಹೂದಿಗಳಾಗಿದ್ರು ಅನ್ಸಿದ್ರೆ ಅವ್ರ ಸಮಾಧಿ ಹುಡುಕೋದು ಹೇಗೆ?

ಅವ್ರು ಯಾವ ಊರಲ್ಲಿ ಸತ್ರು ಅನ್ನೋದಕ್ಕಿಂತ ಮೊದ್ಲು ಯಾವ ಸಿನಗಾಗ್‌ಗೆ, ಅಂದ್ರೆ ಯಹೂದಿ ಪ್ರಾರ್ಥನಾ ಮಂದಿರಕ್ಕೆ, ಸೇರಿದ್ರು ಅಂತ ಹುಡುಕಿ. ಯಾಕಂದ್ರೆ ಅಲ್ಲಿ ಮಣ್ಣು ಮಾಡೋ ವ್ಯವಸ್ಥೆ ಸಿನಗಾಗ್ ಸದಸ್ಯತ್ವದ ಮೇಲೇ ನಡೀತಿತ್ತು, ಮನೆ ಹತ್ರದ ಚರ್ಚ್ ಸ್ಮಶಾನದ ರಿಜಿಸ್ಟರ್ ಎಷ್ಟು ತಿರುವಿದ್ರೂ ಹೆಸ್ರು ಸಿಗೋದು ಕಷ್ಟ.

ಡೆತ್ ಸರ್ಟಿಫಿಕೇಟ್ ನೆಚ್ಕೋಬೇಡಿ, ಅದ್ರಲ್ಲಿ ಧರ್ಮನೂ ಇರಲ್ಲ ಸಮಾಧಿ ಜಾಗನೂ ಇರಲ್ಲ. ಮದ್ವೆ ಸರ್ಟಿಫಿಕೇಟ್ ತರಿಸಿ, 1837ರಿಂದ ಸಿಗುತ್ತೆ, ಯಹೂದಿ ಪದ್ಧತಿ ಪ್ರಕಾರ ಮದ್ವೆ ಆಯ್ತು ಅಂತ ಅದ್ರಲ್ಲೇ ಬರೆದಿರುತ್ತೆ, ಅಲ್ಲಿಗೆ ಅನುಮಾನನೂ ಮುಗೀತು. ಆಮೇಲೆ ಯುನೈಟೆಡ್ ಸಿನಗಾಗ್, ಅಂದ್ರೆ ಲಂಡನ್ ಸಿನಗಾಗ್‌ಗಳ ಒಂದು ಒಕ್ಕೂಟ, ಅವ್ರ ಸಮಾಧಿ ದಾಖಲೆ ನೋಡಿ, ಲಂಡನ್‌ನ ವಿಲ್ಸ್‌ಡನ್, ವೆಸ್ಟ್ ಹ್ಯಾಮ್ ಸ್ಮಶಾನ ಎಲ್ಲಾ ಅವ್ರದ್ದೇ. ಸ್ಪೇನ್, ಪೋರ್ಚುಗಲ್ ಮೂಲದವ್ರಾದ್ರೆ ಬೇರೆ ಸ್ಮಶಾನ, ಮೈಲ್ ಎಂಡ್‌ನಲ್ಲಿ 1657ರಲ್ಲೇ ಶುರುವಾಗಿದ್ದು. ಯಹೂದಿ ವಂಶಾವಳಿ ಹುಡುಕೋ ಜ್ಯೂಯಿಶ್‌ಜೆನ್ ಸೈಟ್‌ನಲ್ಲೂ ಹುಡುಕಿ, ಸ್ಪೆಲಿಂಗ್ ಮಾತ್ರ ನಾಲ್ಕೈದು ಥರ ಹಾಕಿ ನೋಡಿ, ಲೆವಿ, ಲೆವಿನ್, ಲೆವೈ ಎಲ್ಲಾ ಒಂದೇ ಮನೆಯವ್ರಾಗಿರ್ಬೋದು!

ಕಲ್ಲು ಸಿಕ್ರೆ ಫೋಟೋ ತರಿಸ್ಕೊಳ್ಳಿ, ಇಂಗ್ಲಿಷ್ ಸಾಲು ಓದಿ ಬಿಟ್ಬಿಡ್ಬೇಡಿ. ಹೀಬ್ರೂ ಸಾಲಲ್ಲಿ 'ಇಂಥವ್ರ ಮಗ' ಅಂತ ಸಾಮಾನ್ಯವಾಗಿ ಅಪ್ಪನ ಹೆಸ್ರು ಕೆತ್ತಿರ್ತಾರೆ, ಅಲ್ಲೇ ಇನ್ನೊಂದು ತಲೆಮಾರು ಹಿಂದಕ್ಕೆ ಹೋಗ್ಬೋದು. ಮೇಲೆ ಎರಡು ಅಂಗೈ ಬಿಡಿಸಿದ್ರೆ ಕೊಹೆನ್, ಅಂದ್ರೆ ಪುರೋಹಿತರ ವಂಶ, ನೀರಿನ ಹೂಜಿ ಇದ್ರೆ ಲೇವಿಯರು, ಅಂದ್ರೆ ಹಿಂದೆ ದೇವಾಲಯದಲ್ಲಿ ಪುರೋಹಿತರಿಗೆ ನೆರವಾಗ್ತಿದ್ದವ್ರ ವಂಶ.