ಬಂದವರು ಯಾವ ಮೆಟ್ಟಿಲಲ್ಲಿ ತಿರುಗಿ ಹೋದರು?

ಪ್ರಶ್ನೆ: ನಾವು ಅತ್ತಿಗೆ-ನಾದಿನಿ ಸೇರಿ ಹಲಸಿನ ಹಪ್ಪಳ, ಬಾಳ್ಕ, ಮಾಂಬಳ ಮಾಡಿ ಮಾರುತ್ತೇವೆ. ಈಚೆಗೆ ಅಡಿಕೆ ಹಾಳೆಯ ತಟ್ಟೆಯೂ ಉಂಟು. ತಮ್ಮನ ಮಗ ವೆಬ್‌ಸೈಟ್ ಮಾಡಿ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಜೋಡಿಸಿ ಕೊಟ್ಟಿದ್ದಾನೆ. ತಿಂಗಳಿಗೆ ಐದಾರು ನೂರು ಜನ ಬರುತ್ತಾರೆಂದು ಅದು ತೋರಿಸುತ್ತದೆ, ಆರ್ಡರ್ ಮಾತ್ರ ಹತ್ತು ದಾಟುವುದಿಲ್ಲ. ಅರ್ಧಕ್ಕರ್ಧ ಜನ ‘ಡೈರೆಕ್ಟ್’ ಎಂದು ಬರುತ್ತದೆ, ಅದೇನೆಂದು ತಿಳಿಯಲಿಲ್ಲ. ಜಾಹೀರಾತಿಗೆ ಹಣ ಹಾಕಬೇಕೇ?
– ಓದುಗಿ, ಬದಿಯಡ್ಕ

ಉತ್ತರ: ಅಕ್ಕಾ, ಸದ್ಯ ಜಾಹೀರಾತಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬರುವವರು ಸಾಕಷ್ಟಿದ್ದಾರೆ. ಅವರು ಎಲ್ಲಿಂದ ತಿರುಗಿ ಹೋಗುತ್ತಾರೆಂದು ತಿಳಿಯದೆ ಇನ್ನಷ್ಟು ಜನರನ್ನು ಕರೆದರೆ ಅವರೂ ಅಲ್ಲಿಂದಲೇ ತಿರುಗುತ್ತಾರೆ.

ಮೊದಲು ಆ ಹತ್ತು ಆರ್ಡರಿನ ಲೆಕ್ಕವನ್ನೇ ನಾನು ನಂಬುವುದಿಲ್ಲ. ನಮ್ಮ ಕಡೆಯವರು ಸೈಟಿನಲ್ಲಿ ಬೆಲೆ ನೋಡಿ, ವಾಟ್ಸಾಪಿನಲ್ಲಿ ‘ಹಪ್ಪಳ ಎರಡು ಕಟ್ಟು ಉಂಟಾ?’ ಎಂದು ಕೇಳಿ, ಯುಪಿಐಯಲ್ಲಿ ಹಣ ಹಾಕುತ್ತಾರೆ. ಆ ಮಾರಾಟ ಅನಾಲಿಟಿಕ್ಸಿನ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಸೈಟಿನೊಳಗೇ ಮುಗಿದ ವ್ಯಾಪಾರ. ವಾಟ್ಸಾಪ್ ಗುಂಡಿ ಒತ್ತಿದ್ದು, ಫೋನ್ ನಂಬರ್ ಒತ್ತಿದ್ದು ಎರಡನ್ನೂ ‘ಕೀ ಇವೆಂಟ್’, ಅಂದರೆ ವ್ಯಾಪಾರಕ್ಕೆ ಮುಖ್ಯವಾದ ಘಟನೆ, ಎಂದು ಗುರುತು ಮಾಡಿಸಿ. (2024ರ ಮಾರ್ಚ್‌ವರೆಗೆ ಇದಕ್ಕೆ ‘ಕನ್ವರ್ಷನ್’ ಎಂಬ ಹೆಸರಿತ್ತು. ಅಳಿಯ ಹಳೆಯ ವಿಡಿಯೊ ನೋಡಿ ಕಲಿತಿದ್ದರೆ ಹೇಳಿಬಿಡಿ.) ವಾಟ್ಸಾಪ್ ಲಿಂಕ್ ಸೈಟಿನಿಂದ ಹೊರಗೆ ಹೋಗುವುದರಿಂದ ಆ ಕ್ಲಿಕ್ ಸಾಮಾನ್ಯವಾಗಿ ತಾನಾಗಿ ದಾಖಲಾಗುತ್ತದೆ, ಅದನ್ನು ಬೇರೆ ಇವೆಂಟಾಗಿ ಹೆಸರಿಸಿದರೆ ಸಾಕು. ಫೋನ್ ನಂಬರಿನದು ಹಾಗಲ್ಲ, ಇಂಥ ಗುರುತುಗಳನ್ನು ಸೈಟಿಗೆ ಜೋಡಿಸುವ ಗೂಗಲಿನ ಟ್ಯಾಗ್ ಮ್ಯಾನೇಜರಿನಲ್ಲಿ ಸ್ವಲ್ಪ ಕೆಲಸ ಉಂಟು.

ನಿಮ್ಮ ‘ಡೈರೆಕ್ಟ್’ನಲ್ಲಿ ಬಹುಪಾಲು ವಾಟ್ಸಾಪಿನವರೇ ಇರಬೇಕು. ಎಲ್ಲಿಂದ ಬಂದರೆಂಬ ಸುಳಿವು ಸಿಗದಿದ್ದರೆ ಅನಾಲಿಟಿಕ್ಸ್ ಎಲ್ಲರನ್ನೂ ಆ ಹೆಸರಿನಲ್ಲಿ ಸೇರಿಸುತ್ತದೆ. ಮುಂದೆ ಲಿಂಕ್ ಕಳಿಸುವಾಗ ಅದರ ಬಾಲಕ್ಕೆ ಯುಟಿಎಂ ಗುರುತು (ಯಾವ ಲಿಂಕಿನಿಂದ ಬಂದರೆಂದು ಹೇಳುವ ಪದಗಳು) ಸೇರಿಸಿ: ಕುಟುಂಬದ ಗುಂಪಿಗೆ ಒಂದು, ಮುಂಬೈಯ ನೆಂಟರಿಗೆ ಒಂದು, ಫೇಸ್‌ಬುಕ್ಕಿಗೆ ಇನ್ನೊಂದು. ನೋಡಿ ಹೋಗುವವರು ಯಾರು, ಕೊಳ್ಳುವವರು ಯಾರು ಎಂದು ಆಗ ಬೇರೆ ಬೇರೆಯಾಗಿ ಕಾಣುತ್ತದೆ.

ಇನ್ನು ಮುಖ್ಯ ವಿಷಯ. ಅನಾಲಿಟಿಕ್ಸಿನ ‘ಎಕ್ಸ್‌ಪ್ಲೋರ್’ ವಿಭಾಗದಲ್ಲಿ ಫನೆಲ್ ಎಂದಿದೆ, ಒಂದೊಂದು ಹಂತದಲ್ಲಿ ಜನ ಎಷ್ಟು ಕಡಿಮೆಯಾದರೆಂದು ತೋರಿಸುವ ವರದಿ. ಸರಕು ನೋಡಿದ್ದು, ಕಾರ್ಟಿಗೆ ಹಾಕಿದ್ದು, ಚೆಕ್‌ಔಟಿಗೆ ಬಂದದ್ದು, ಹಣ ಕಟ್ಟಿದ್ದು – ಈ ನಾಲ್ಕು ಮೆಟ್ಟಿಲು ಇಟ್ಟು, ಒಂದೊಂದರಲ್ಲಿ ಎಷ್ಟು ಜನ ಉಳಿದರೆಂದು ನೋಡಿ. ಇವು ತಾನಾಗಿ ಬರುವುದಿಲ್ಲ, ಸೈಟಿನಿಂದ ಕಳಿಸುವಂತೆ ಅಳಿಯನೇ ಬರೆಯಬೇಕು. ಹಪ್ಪಳಕ್ಕೂ ಹಾಳೆ ತಟ್ಟೆಗೂ ಬೇರೆ ಬೇರೆ ನೋಡಿ, ಏಕೆಂದರೆ ತಟ್ಟೆಯ ಗಿರಾಕಿ ಕೊನೆಯ ಮೆಟ್ಟಿಲಲ್ಲೇ ಬಿಟ್ಟು ಹೋಗುತ್ತಿರಬಹುದೆಂಬ ಗುಮಾನಿ ನನಗಿದೆ. ಕೊರಿಯರಿನವರು ಹಗುರ ಸರಕಿಗೆ ಪೆಟ್ಟಿಗೆಯ ಗಾತ್ರದ ಮೇಲೆ ತೂಕ ಕಟ್ಟುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 30, 30ರ ಪೆಟ್ಟಿಗೆ ಎಂದರೆ 7.2 ಕಿಲೊ ಲೆಕ್ಕ, ಒಳಗಿರುವುದು ಎಷ್ಟೇ ಹಗುರವಾಗಿರಲಿ. ವಿಳಾಸವೆಲ್ಲ ಬರೆದು ಮುಗಿಸಿದ ಮೇಲೆ ಆ ಚಾರ್ಜು ಕಂಡರೆ ಯಾರಿಗೂ ಬೇಸರವೇ. ಸರಕಿನ ಪುಟದಲ್ಲೇ ಪಿನ್‌ಕೋಡ್ ಹಾಕಿ ಕೊರಿಯರ್ ಖರ್ಚು ನೋಡುವಂತೆ ಮಾಡಿ. ಹಪ್ಪಳಕ್ಕಾದರೆ ‘ಇಷ್ಟು ಕಟ್ಟಿನ ಮೇಲೆ ಖರ್ಚು ನಮ್ಮದು’ ಎಂದು ಮೊದಲೇ ಹೇಳಿಬಿಡಿ.

ಯಾವ ಮೆಟ್ಟಿಲು ಎಂದು ಫನೆಲ್ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಕ್ಲಾರಿಟಿ ಹಾಕಿಸಿ, ಉಚಿತ. ಬಂದವರು ಪುಟದಲ್ಲಿ ಎಲ್ಲಿ ಒತ್ತಿದರು, ಎಲ್ಲಿ ನಿಂತರು ಎಂಬುದನ್ನು ಚಿತ್ರದಂತೆ ನೋಡಬಹುದು. ಪೆರ್ಲದ ಕಡೆಯ ಒಬ್ಬರ ಸೈಟಿನಲ್ಲಿ ನಾನು ಹೀಗೆ ನೋಡುತ್ತಿದ್ದಾಗ ಒಂದು ಸಂಗತಿ ಸಿಕ್ಕಿತು. ಸಣ್ಣ ಫೋನುಗಳಲ್ಲಿ ಕೆಳಗೆ ತೇಲುವ ಹಸಿರು ವಾಟ್ಸಾಪ್ ಗುರುತು ‘ಕಾರ್ಟಿಗೆ ಹಾಕಿ’ ಗುಂಡಿಯ ಅರ್ಧವನ್ನು ಮುಚ್ಚಿತ್ತು. ಒತ್ತಿದವರಿಗೆ ವಾಟ್ಸಾಪ್ ತೆರೆಯುತ್ತಿತ್ತು. ಹಿಂದೆ ಬರುತ್ತಿದ್ದರು, ಮತ್ತೆ ಒತ್ತುತ್ತಿದ್ದರು, ಹೋಗಿಬಿಡುತ್ತಿದ್ದರು. ಕಂಪ್ಯೂಟರಿನಲ್ಲಿ ಮಾತ್ರ ನೋಡಿದ ಮಾಲೀಕರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ಗುರುತನ್ನು ಮೇಲೆ ಸರಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ಒಂದು ಕೆಲಸ ಇವತ್ತೇ ಮಾಡಿಸಿ. ಎಕ್ಸ್‌ಪ್ಲೋರಿಗೆ ಬೇಕಾದ ವಿವರವನ್ನು ಅನಾಲಿಟಿಕ್ಸ್ ಎರಡೇ ತಿಂಗಳು ಇಟ್ಟುಕೊಳ್ಳುವಂತೆ ಮೊದಲಿನಿಂದ ಹೊಂದಿಸಿರುತ್ತದೆ. ಸೆಟ್ಟಿಂಗಿನಲ್ಲಿ 14 ತಿಂಗಳು ಮಾಡಿ. ಬೇಸಿಗೆಯಲ್ಲಿ ಹಪ್ಪಳ ಒತ್ತಿ ಮಳೆಗಾಲದಲ್ಲಿ ಮಾರುವವರು ನೀವು, ಈ ಆಟಿಯನ್ನು (ಮಳೆಗಾಲದ ತುಳು ತಿಂಗಳು) ಕಳೆದ ಆಟಿಯ ಜತೆ ಹೋಲಿಸದೆ ಏನೂ ಗೊತ್ತಾಗದು. ಅಳಿಸಿಹೋದದ್ದು ಮತ್ತೆ ಸಿಗುವುದಿಲ್ಲ.

ಎರಡು ಬಗೆಯ ಪುಟ ಮಾಡಿ ಯಾವುದು ಹೆಚ್ಚು ಮಾರುತ್ತದೆಂದು ಪರೀಕ್ಷಿಸಲು ಯಾರಾದರೂ ಹೇಳಿದರೆ ಈಗ ಬೇಡ. ಹತ್ತು ಆರ್ಡರು ಹದಿಮೂರಾದರೆ ಅದು ಪುಟದ ಗುಣವೋ, ಯಾರದೋ ಮನೆಯ ಪೂಜೆಯೋ ಹೇಳಲಾಗದು. ಅದರ ಬದಲು, ವಾಟ್ಸಾಪಿನಲ್ಲಿ ಬೆಲೆ ಕೇಳಿ ಸುಮ್ಮನಾದವರಿಗೆ ‘ಏನು ಅಡ್ಡಿಯಾಯಿತು?’ ಎಂದು ವಿನಯದಿಂದ ಕೇಳಿ. ಜನ ಹೇಳುತ್ತಾರೆ.

ಪ್ರಶ್ನೆ: ನಮ್ಮ ಹೊಲಿಗೆ ತರಗತಿಯ ಸೈಟಿಗೆ ಬರುವವರೆಲ್ಲ ಕೊಚ್ಚಿ, ಬೆಂಗಳೂರಿನವರೆಂದು ಅನಾಲಿಟಿಕ್ಸ್ ಹೇಳುತ್ತದೆ. ಸೇರುವವರು ಉಪ್ಪಳ, ಹೊಸಂಗಡಿ, ತಲಪಾಡಿಯವರು. ಲೆಕ್ಕ ತಪ್ಪೇ?
– ಓದುಗ, ಮಂಜೇಶ್ವರ

ಉತ್ತರ: ಊರಿನ ಹೆಸರು ಅಂದಾಜು ಮಾತ್ರ. ಅದು ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಅಂಕಿಯ ಗುರುತಿನಿಂದ, ಬರುತ್ತದೆ. ಮೊಬೈಲ್ ಇಂಟರ್ನೆಟ್ಟಿನಲ್ಲಿ ಆ ವಿಳಾಸ ಕಂಪೆನಿಯ ದೊಡ್ಡ ಕೇಂದ್ರವಿರುವ ಊರನ್ನು ತೋರಿಸುವುದುಂಟು. ಗಡಿಯ ನಮ್ಮಲ್ಲಂತೂ ಒಂದೇ ಮನೆಯಲ್ಲಿ ಕೇರಳದ ಸಿಮ್ ಒಂದು, ಕರ್ನಾಟಕದ್ದು ಒಂದು. ಭಾಷೆಯ ವರದಿಯನ್ನೂ ಹಾಗೆಯೇ ನೋಡಿ: ಫೋನಿನ ಸೆಟ್ಟಿಂಗ್ ಇಂಗ್ಲಿಷಿನಲ್ಲಿದ್ದರೆ ಕನ್ನಡ ಓದುವವರೂ ಇಂಗ್ಲಿಷಿನವರಾಗಿ ಕಾಣುತ್ತಾರೆ. ಅರ್ಜಿಯಲ್ಲಿ ಪಿನ್‌ಕೋಡ್ ಕೇಳಿ. 671ರಿಂದ ಶುರುವಾದರೆ ನಮ್ಮ ಕಾಸರಗೋಡು ಜಿಲ್ಲೆಯವರು, 574 ಅಥವಾ 575 ಆದರೆ ಮಂಗಳೂರು ಕಡೆಯವರು. ಆದರೆ ಅರ್ಜಿಯ ಹೆಸರು, ಫೋನ್ ನಂಬರ್ ಅನಾಲಿಟಿಕ್ಸಿಗೆ ಹೋಗದಂತೆ ನೋಡಿಕೊಳ್ಳಿ, ಗೂಗಲಿನ ನಿಯಮವೇ ಅದನ್ನು ಒಪ್ಪುವುದಿಲ್ಲ.