ಆ ಮುಖಗಳನ್ನು ನಗಿಸಬೇಡಿ

ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಸ್ಟುಡಿಯೊ ಫೋಟೊ ಒಂದರ ಪ್ರತಿಯನ್ನು ಲಗತ್ತಿಸಿ ಆಳಂದದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ರುಮಾಲು ಸುತ್ತಿದ ಮುತ್ತಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ, ಮುತ್ತಜ್ಜಿ ಪಕ್ಕದಲ್ಲಿ ನಿಂತಿದ್ದಾರೆ, ನಡುವೆ ಯಾರೆಂದು ಗೊತ್ತಾಗದ ಹುಡುಗನೊಬ್ಬನಿದ್ದಾನೆ. ‘ಎಂದೂ ಕಾಣದ ಈ ಹಿರಿಯರ ಮುಖ ನೋಡಿದರೆ ಮನಸ್ಸು ಯಾಕೆ ಹಿಂಡಿದಂತಾಗುತ್ತದೆ? ಮೊಬೈಲಿನಲ್ಲಿ ಬಣ್ಣ ತುಂಬಿ ಇವರನ್ನು ನಗಿಸಿಕೊಡುತ್ತೇವೆ ಎಂದು ಮಕ್ಕಳು ಹೇಳುತ್ತಿದ್ದಾರೆ, ಮಾಡಿಸಲೇ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಹಳೆಯ ಫೋಟೊಗಳಲ್ಲಿ ಯಾರೂ ನಗದಿರುವುದಕ್ಕೆ ಕ್ಯಾಮೆರಾದ ನಿಧಾನವೇ ಕಾರಣವೆಂದು ಹೇಳುವುದು ರೂಢಿ. 1839ರಲ್ಲಿ ಡಾಗೇರೊಟೈಪ್ ಎಂಬ ಆರಂಭಕಾಲದ ಫೋಟೊ ವಿಧಾನ ಬಂದ ಹೊಸತರಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಾಗಿತ್ತು, ನಿಜ. ಆದರೆ 1880ರ ದಶಕದ ಹೊತ್ತಿಗೆ ಜೆಲಟಿನ್ ಲೇಪದ ಒಣ ಗಾಜಿನ ಪ್ಲೇಟುಗಳು ಬಳಕೆಗೆ ಬಂದು, ಒಂದೆರಡು ಸೆಕೆಂಡು ಅಥವಾ ಅದಕ್ಕೂ ಕಡಿಮೆ ಸಮಯ ಸಾಕಾಗುತ್ತಿತ್ತು. ನಿಮ್ಮ ಮುತ್ತಜ್ಜ ಬೇಕೆಂದಿದ್ದರೆ ನಗಬಹುದಾಗಿತ್ತು. ಆಳಂದದಿಂದ ಗುಲಬರ್ಗಾಕ್ಕೆ ಬಂದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ದುಡ್ಡು ಕೊಟ್ಟು ತೆಗೆಸುವ ಬಹುಶಃ ಒಂದೇ ಚಿತ್ರ ಅದು. ತಾವು ಹೋದ ಮೇಲೆ ಗೋಡೆಯ ಮೇಲೆ ತಮ್ಮ ಜಾಗದಲ್ಲಿ ನಿಲ್ಲುವಂಥದ್ದು ಎಂಬ ಅರಿವಿನಿಂದಲೇ ಅವರು ಕುಳಿತಿದ್ದಾರೆ. ಮುಂದೆ ಯಾರೋ ನೋಡುತ್ತಾರೆಂದು ಅವರು ಸಿದ್ಧರಾಗಿ ಬಂದಿದ್ದರು. ಆ ಯಾರೋ ನೀವೇ ಆಗಿರುವುದರಿಂದ ನಿಮ್ಮ ಮನಸ್ಸು ಹಿಂಡುತ್ತದೆ ಎಂದು ನನ್ನ ನಂಬಿಕೆ.

ನೀವು ಕಳಿಸಿದ ಪ್ರತಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಹಿಂದಿನ ಪರದೆಯಲ್ಲಿ ಕಂಬಗಳುಳ್ಳ ಅರಮನೆ, ಆಚೆ ಒಂದು ಕೆರೆ. ಪರದೆ ಮುಗಿಯುವಲ್ಲಿ ಮಾತ್ರ ನಮ್ಮದೇ ಶಹಾಬಾದ ಪರ್ಸಿಯ, ಅಂದರೆ ಕಲ್ಲುಚಪ್ಪಡಿಯ ನೆಲ, ಅದರ ಸಂದುಗಳ ಸಮೇತ. ಕುರ್ಚಿಯ ಬೆನ್ನು ಹಿಡಿದ ಮುತ್ತಜ್ಜಿಯ ಬೆರಳುಗಳು ತುಸು ಮಸುಕಾಗಿವೆ, ಏಕೆಂದರೆ ಕೈ ಅಲುಗಿದೆ. ಪರಪುರುಷನೊಬ್ಬ ತನ್ನನ್ನೇ ದಿಟ್ಟಿಸಿ ನೋಡುವಾಗ ಸೆರಗು ಸರಿಪಡಿಸಿಕೊಂಡು ನಿಲ್ಲುವುದು ಆ ಕಾಲದ ಹೆಣ್ಣುಮಗಳಿಗೆ ಸಣ್ಣ ಮಾತಾಗಿರಲಿಲ್ಲ. ನಮ್ಮ ಭಾಗವೂ ಸೇರಿದ್ದ ನಿಜಾಮರ ರಾಜ್ಯದಲ್ಲಿ, ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಪರದಾ ಪದ್ಧತಿಯ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದು, ಅದನ್ನು ಮಹಿಳೆಯೊಬ್ಬರ ಕೈಗೆ ಒಪ್ಪಿಸಬೇಕಾಯಿತು. ಅದು ಸಿರಿವಂತರ ಮಾತು. ನಮ್ಮ ಹಳ್ಳಿಗಳ ಎಷ್ಟೋ ಅಜ್ಜಿಯರಿಗೆ ಬದುಕಿದ್ದಾಗ ಒಂದು ಫೋಟೊ ಕೂಡ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಯಾರದೋ ಮದುವೆಯ ಗುಂಪಿನ ಚಿತ್ರದಿಂದ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿ ಹಾರ ಹಾಕಿದರು. ಅಂಥ ಫೋಟೊಗಳ ಅಂಚಿನಲ್ಲಿ ಇನ್ನೊಬ್ಬರ ಭುಜದ ತುಣುಕು ಈಗಲೂ ಕಾಣುತ್ತದೆ. ನಿಮ್ಮ ಮುತ್ತಜ್ಜಿ ನೆತ್ತಿಯಿಂದ ಪಾದದವರೆಗೆ ಪೂರ್ತಿಯಾಗಿ ನಿಮಗೆ ಸಿಕ್ಕಿದ್ದಾರೆ.

ಬಣ್ಣ ತುಂಬುವುದೇ ತಪ್ಪೆಂದು ನಾನು ಹೇಳಲಾರೆ; ಸ್ಟುಡಿಯೊದವರೂ ಕಪ್ಪು-ಬಿಳುಪು ಪ್ರತಿಗಳಿಗೆ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು. ಆದರೆ ಅವರಿಗೆ ಸೀರೆಯ ಬಣ್ಣ ಯಾವುದೆಂದು ಕೇಳಿ ತಿಳಿಯುವ ಅವಕಾಶವಿತ್ತು, ಮೊಬೈಲು ಬರಿಯ ಊಹೆ ಮಾಡುತ್ತದೆ. ಮಕ್ಕಳು ಇನ್ನೊಂದು ಪ್ರತಿಯ ಮೇಲೆ ಬಣ್ಣದ ಪ್ರಯೋಗ ಮಾಡಲಿ. ನಗುವಂತೂ ಬೇಡವೇ ಬೇಡ. ಆ ಹಲ್ಲು, ಆ ಕೆನ್ನೆಯ ಮಡಿಕೆ ಅವರದಾಗಿರುವುದಿಲ್ಲ, ಮುಂದಿನ ತಲೆಮಾರು ಅದನ್ನೇ ನಿಜವೆಂದು ನಂಬುತ್ತದೆ.

ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ಬಿಸಿಲು ಬೀಳುವ ಗೋಡೆಗೆ ಅದರ ನಕಲನ್ನು ತೂಗುಹಾಕಿದರೆ ಸಾಕು. ಇದೆಲ್ಲಕ್ಕಿಂತ ಮೊದಲು, ತೊಂಬತ್ತರ ಹತ್ತಿರವಿದ್ದಾರೆಂದು ನೀವು ಬರೆದಿರುವ ನಿಮ್ಮ ಸೋದರತ್ತೆಯ ಬಳಿಗೆ ಈ ವಾರವೇ ಫೋಟೊ ಒಯ್ದು ಆ ಹುಡುಗ ಯಾರೆಂದು ಕೇಳಿ, ಹೆಸರನ್ನು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆದಿಡಿ.

— ಸಂಪಾದಕ